ಕುರ್ಲೆಯವರ ಕಾರಿನ ಮೂತಿಗೆ ಆಲೂಗಡ್ಡೆ

ನಮ್ಮ ಬ್ಯೂಲಿಂಗೆನ್ ಊರಿನಲ್ಲಿ ಗಂಡಸಿನ ಯೋಗ್ಯತೆಯನ್ನು ಅಳೆಯಲು ಎರಡೇ ದಾರಿ. ಒರೆಸುವ ಪಾಳಿ ಅವನದಾದ ವಾರದಲ್ಲಿ ಕಟ್ಟಡದ ಮೆಟ್ಟಿಲು ಎಷ್ಟು ಚೊಕ್ಕಟವಾಗಿರುತ್ತದೆ ಎಂಬುದು ಒಂದು. ಹೆದ್ದಾರಿಯಲ್ಲಿ ಅವನ ಕಾರು ಎಷ್ಟು ವೇಗದಲ್ಲಿ ಅಲುಗಾಡದೆ ನೆಟ್ಟಗೆ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಗೋಟ್ಲೀಬ್ ಕುರ್ಲೆಯವರನ್ನು ಮೀರಿಸಿದವರು ನಮ್ಮ ಬೀದಿಯಲ್ಲಿಲ್ಲ. ಅವರು ಒರೆಸಿದ ಮೆಟ್ಟಿಲ ಮೇಲೆ ಕಾಲಿಡಲು ನನಗೆ ಇಂದಿಗೂ ಸಂಕೋಚ. ಅವರು ಅಷ್ಟಕ್ಕೇ ತೃಪ್ತರಾಗಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ನಾನು ಅವರ ಮನೆಯ ಮೇಲಿನ ಮಹಡಿಯವನು. ಇಪ್ಪತ್ತು ವರ್ಷದ ನೆರೆಹೊರೆ. ನಮ್ಮಲ್ಲಿ ಇಪ್ಪತ್ತು ವರ್ಷವೆಂದರೆ ಈಗಷ್ಟೇ ಪರಿಚಯವಾದ ಹಾಗೆ, ಆದ್ದರಿಂದ ಇಬ್ಬರೂ ಇನ್ನೂ ಬಹುವಚನದಲ್ಲೇ ಮಾತಾಡಿಸಿಕೊಳ್ಳುತ್ತೇವೆ. ಕುರ್ಲೆಯವರಿಗೆ ಊರಿನ ಸ್ಮಶಾನದ ಕಚೇರಿಯಲ್ಲಿ ಕೆಲಸ. ಯಾರು ಯಾವ ಸಾಲಿನಲ್ಲಿ ಮಲಗಬೇಕು, ಅವರ ತಲೆಯ ಮೇಲೆ ಎಷ್ಟು ಎತ್ತರದ ಗಿಡ ನೆಡಬಹುದು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರು. ಇಂಥ ಶಾಂತ ಮನುಷ್ಯ ಐವತ್ತು ತುಂಬಿದ ವಾರದಲ್ಲಿ, ತೀರಿಹೋದ ದಂತವೈದ್ಯರೊಬ್ಬರ ಹೆಂಡತಿಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದರು. ದಂತವೈದ್ಯರಿಗೆ ಸ್ಮಶಾನದಲ್ಲಿ ಜಾಗ ಗೊತ್ತುಮಾಡಲು ಹೋಗಿದ್ದಾಗ ಅವರ ಗ್ಯಾರೇಜಿನಲ್ಲಿ ಅದನ್ನು ಕಂಡರಂತೆ. ಕಂಡ ಕೂಡಲೇ ತಲೆ ತಿರುಗಿತಂತೆ.

ಕಾರೇನೋ ಚೆನ್ನಾಗಿತ್ತು. ಸಾಸಿವೆ ಬಣ್ಣ, ನೆಲಕ್ಕೆ ಮುತ್ತಿಡುವಷ್ಟು ಕುಳ್ಳು. ಎಂಜಿನ್ ಇದ್ದದ್ದು ಹಿಂದೆ, ಸಾಮಾನಿಡುವ ಡಿಕ್ಕಿ ಮುಂದೆ. ಹಿಂದಿನ ಸೀಟು ಎಂದು ಕರೆಯುತ್ತಿದ್ದ ಜಾಗದಲ್ಲಿ ಒಂದು ಬೆಕ್ಕು ಆರಾಮವಾಗಿ ಕೂರಬಹುದಿತ್ತು. ಕುರ್ಲೆಯವರು ದಿನಾ ಬೆಳಿಗ್ಗೆ ಅದರಲ್ಲಿ ಸ್ಮಶಾನಕ್ಕೆ ಹೋಗುತ್ತಿದ್ದರು. ನಡೆದರೆ ಐದು ನಿಮಿಷದ ದಾರಿ. ಅವರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋಗುತ್ತಿದ್ದರಿಂದ ನಾನು ನಡೆದು ಅವರಿಗಿಂತ ಮುಂಚೆ ತಲುಪಿದ್ದೂ ಉಂಟು.

ಎಡವಟ್ಟು ಶುರುವಾದದ್ದು ಗುರುವಾರದ ಸಂಜೆ, ‘ದ್ರಾಕ್ಷಿ ಗೊಂಚಲು’ ಹೋಟೆಲಿನ ನಮ್ಮ ಖಾಯಂ ಮೇಜಿನಲ್ಲಿ. ಅಲ್ಲಿ ಪ್ರತಿಯೊಬ್ಬರಿಗೂ ಅವರದ್ದೇ ಕುರ್ಚಿ. ಕುರ್ಲೆಯವರ ಎದುರಿಗೆ ಅವರ ಭಾವಮೈದ ಹೆಲ್ಮರ್ ಕೂರುತ್ತಿದ್ದ. ಅವನು ಟೈಲ್ಸ್ ವ್ಯಾಪಾರಿ, ಬಾಯಿ ದೊಡ್ಡದು, ಕಾರು ಇನ್ನೂ ದೊಡ್ಡದು. ಮೇಜಿನ ತುದಿಯ ಕುರ್ಚಿ ತ್ಸೈಸರ್ ಅವರದು. ಅವರು ಮೂವತ್ತು ವರ್ಷ ವಾಹನ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ಕಣ್ಣಿಗೆ ಇನ್ನೂ ಮುಟ್ಟಿರಲಿಲ್ಲ. ಚರ್ಚಿಗೆ ಹೋದರೂ ಮೊದಲು ಹೊರಗೆ ನಿಂತ ಕಾರುಗಳ ಟೈರು ನೋಡಿ ಆಮೇಲೆ ದೇವರ ಕಡೆ ತಿರುಗುತ್ತಿದ್ದರು.

ಹೆಲ್ಮರ್ ವೈನಿನ ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ತನ್ನ ಭಾವನನ್ನು ವಿಚಾರಿಸಿದ.

“ಅಲ್ಲ ಭಾವ, ಕಾರು ತಗೊಂಡು ಎರಡು ತಿಂಗಳಾಯ್ತು. ಗಂಟೆಗೆ ಇನ್ನೂರು ಕಿಲೋಮೀಟರಲ್ಲಿ ಹೆಂಗಿರುತ್ತೆ, ಹೇಳೇ ಇಲ್ವಲ್ಲ.”

ಕುರ್ಲೆಯವರು ನೂರಹತ್ತನ್ನು ಒಂದೇ ಒಂದು ಸಲ ಮುಟ್ಟಿದ್ದರು. ಆಗ ಕಾರು ಸಂತೆಯಿಂದ ಮನೆಗೆ ಬರುವ ಹಸುವಿನಂತೆ ಆ ಕಡೆ ಈ ಕಡೆ ವಾಲಾಡತೊಡಗಿ, ಅವರು ಬೆವರಿಳಿಸಿಕೊಂಡು ಮನೆಗೆ ಬಂದಿದ್ದರು. ಇದು ಆಮೇಲೆ ನನಗೆ ತಿಳಿದ ವಿಷಯ. ಆ ಹೊತ್ತಿಗೆ ಅವರು ಮಾಡಿದ್ದೇನೆಂದರೆ ಮೀಸೆ ಒರೆಸಿಕೊಂಡು, ಸ್ಮಶಾನದಲ್ಲಿ ಜಾಗ ಖಾಲಿಯಿಲ್ಲ ಎಂದು ಹೇಳುವ ಅದೇ ಸಮಾಧಾನದ ಧ್ವನಿಯಲ್ಲಿ, “ಹಲಗೆ ಇಟ್ಟ ಹಾಗೆ ಇರುತ್ತಪ್ಪ. ಇನ್ನೂರರಲ್ಲಿ ಒಂದು ಕೂದಲೂ ಅಲುಗಾಡಲ್ಲ,” ಎಂದುಬಿಟ್ಟರು.

ಮೇಜಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅಷ್ಟಕ್ಕೇ ಮುಗಿಯುತ್ತಿತ್ತು, ಆದರೆ ತ್ಸೈಸರ್ ಇದ್ದರಲ್ಲ. ಅವರು ಫೋರ್ಕನ್ನು ತಟ್ಟೆಯ ಅಂಚಿಗೆ ನೇರವಾಗಿ ಜೋಡಿಸಿಟ್ಟು ಆ ಮಾದರಿಯ ಕಾರಿನ ಜಾತಕ ಬಿಚ್ಚಿದರು. ಭಾರವೆಲ್ಲ ಹಿಂದೆ, ಮುಂದೆ ಬರೀ ಗಾಳಿ. ನೂರೈವತ್ತು ದಾಟಿದರೆ ಗಾಳಿ ಅಡಿಗೆ ನುಗ್ಗಿ ಮೂತಿಯನ್ನು ಮೇಲೆತ್ತುತ್ತದೆ, ಚಕ್ರ ನೆಲವನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಹಿಡಿಯುವುದಿಲ್ಲ. ನೇರ ರಸ್ತೆಯಲ್ಲೇ ಅದರ ಬಂಡವಾಳ ಬಯಲಾಗುವುದು. ಇನ್ನೂರರಲ್ಲಿ ಹಲಗೆಯಂತೆ ಇರುತ್ತದೆ ಎಂದರೆ ಒಂದೋ ಕುರ್ಲೆಯವರು ಏನೋ ಮಾಡಿಸಿದ್ದಾರೆ, ಇಲ್ಲವೇ, ಎಂದು ತ್ಸೈಸರ್ ಮಾತು ನಿಲ್ಲಿಸಿದರು. ಆ ‘ಇಲ್ಲವೇ’ ಮೇಜಿನ ಮೇಲೆ ಕೂತುಕೊಂಡು ಕುರ್ಲೆಯವರನ್ನೇ ನೋಡತೊಡಗಿತು.

ಕುರ್ಲೆಯವರ ಕಣ್ಣು ಸಹಾಯಕ್ಕಾಗಿ ಸುತ್ತ ಹುಡುಕಿ ತಮ್ಮದೇ ತಟ್ಟೆಗೆ ಬಂದು ನಿಂತಿತು. ಅದರಲ್ಲಿ ಆಲೂಗಡ್ಡೆ ಸಲಾಡ್ ಇತ್ತು.

“ಆಲೂಗಡ್ಡೆ,” ಎಂದರು ಅವರು. “ಮುಂದಿನ ಡಿಕ್ಕೀಲಿ ಆಲೂಗಡ್ಡೆ ಮೂಟೆ ಇಟ್ಟಿದೀನಿ. ಮೂತಿ ಏಳಲ್ಲ.”

ತ್ಸೈಸರ್ ನಗುತ್ತಾರೆಂದು ನಾನು ಕಾದೆ. ಅವರು ನಗಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಬಿಯರಿನ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಗುಣಾಕಾರ ಭಾಗಾಕಾರ ಮಾಡಿ, ಅದನ್ನು ತಿರುಗಿಸಿ ಇನ್ನೊಂದು ಮಗ್ಗುಲಲ್ಲೂ ಮಾಡಿ, ಕೊನೆಗೆ ಲೆಕ್ಕ ಕೂಡುತ್ತದೆ ಎಂದು ತೀರ್ಪು ಕೊಟ್ಟರು. ಮರಳಿನ ಚೀಲ ಇಡುವವರನ್ನು ಅವರು ಕಂಡಿದ್ದರು. ಸಿಮೆಂಟ್ ಇಡುವವರನ್ನೂ ಕಂಡಿದ್ದರು. ಮರಳಿಗೆ ದುಡ್ಡು ಕೊಟ್ಟು ಸುಮ್ಮನೆ ಹೊತ್ತು ತಿರುಗುವ ಬದಲು, ಹೇಗೂ ಮನೆಗೆ ಬೇಕಾದ ತರಕಾರಿಯನ್ನೇ ಭಾರಕ್ಕೆ ಇಟ್ಟ ಈ ಬುದ್ಧಿವಂತಿಕೆ ಮಾತ್ರ ಹೊಸದು. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಕಾಸೂ ಉಳಿಯಿತು, ವೇಗವೂ ಸಿಕ್ಕಿತು ಎಂದು ಎಲ್ಲರೂ ಕುರ್ಲೆಯವರ ಬೆನ್ನು ತಟ್ಟಿದರು. ಹೆಲ್ಮರ್‌ಗೆ ಮಾತ್ರ ವೈನು ಹುಳಿಯೆನಿಸಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಕುರ್ಲೆಯವರು ಬಾಗಿಲ ಮುಂದೆ ನಿಂತಿದ್ದರು. ಎರಡು ಮೂಟೆ ಆಲೂಗಡ್ಡೆ ಕಾರಿನ ಮೂತಿಯೊಳಗೆ ಇಳಿಯಿತು. ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಲು ಇಷ್ಟು ಶ್ರದ್ಧೆ ವಹಿಸಿದವರನ್ನು ನಾನು ಬೇರೆ ಕಂಡಿಲ್ಲ. ಆದರೆ ಕಾರಿಗೆ ಅವರ ಶ್ರದ್ಧೆ ತಿಳಿಯಲಿಲ್ಲ. ಶನಿವಾರ ಮೆಲ್ಲಗೆ ಹೆದ್ದಾರಿಗೆ ಹೋಗಿ ನೋಡಿದರೆ ನೂರಹತ್ತಕ್ಕೆ ಅದೇ ವಾಲಾಟ. ಇನ್ನೊಂದು ಮೂಟೆ ಬಂತು. ವಾಲಾಟ ಹಾಗೇ ಇತ್ತು.

ಇಷ್ಟರಲ್ಲಿ ಸುದ್ದಿ ಬೀದಿ ದಾಟಿ, ಊರು ದಾಟಿ, ಪಕ್ಕದ ಜಿಲ್ಲೆಗೆ ಮುಟ್ಟಿತ್ತು. ಒಂದು ಭಾನುವಾರ ಅಂಥದೇ ಕಾರಿನ ಮಾಲೀಕರಿಬ್ಬರು ಚರ್ಮದ ಕೈಗವಸು ಹಾಕಿಕೊಂಡು ಬಂದು ಕುರ್ಲೆಯವರ ಸಲಹೆ ಕೇಳಿದರು. ಬೇಯಿಸಿದರೆ ಹಿಟ್ಟಾಗುವ ತಳಿಯೋ, ಸಲಾಡಿಗೆ ಬರುವ ಗಟ್ಟಿ ತಳಿಯೋ ಎಂಬುದು ಅವರ ಪ್ರಶ್ನೆ. ಕುರ್ಲೆಯವರು ಬಹಳ ಹೊತ್ತು ಆಕಾಶ ನೋಡಿ, “ಗಟ್ಟಿದು. ಒಂದರ ಮೇಲೊಂದು ಚೆನ್ನಾಗಿ ಕೂರುತ್ತೆ,” ಎಂದರು. ಬಂದವರು ಟೊಪ್ಪಿ ತೆಗೆದು ನಮಸ್ಕರಿಸಿ ಹೋದರು.

ಮನೆಯೊಳಗೆ ಅವರ ಹೆಂಡತಿ ಎಲ್ಫ್ರೀಡೆಗೆ ಇದು ತಲೆನೋವಾಯಿತು. ಆಲೂಗಡ್ಡೆ ಮೊಳಕೆ ಬರುವ ಮುಂಚೆ ಖರ್ಚಾಗಬೇಕು, ಆದರೆ ಭಾರ ಕಡಿಮೆಯಾಗಬಾರದು. ಆಕೆ ಅಡಿಗೆಗೆ ಒಂದು ಬುಟ್ಟಿ ತೆಗೆದರೆ ಕುರ್ಲೆಯವರು ತಕ್ಕಡಿ ಹಿಡಿದು ಅಷ್ಟೇ ತೂಕದ ಹೊಸದನ್ನು ತಂದು ತುಂಬುತ್ತಿದ್ದರು. ಸಾರು ಮಾಡಲು ಎಡಗಡೆಯಿಂದಲೇ ಯಾಕೆ ತೆಗೆದೆ, ಕಾರು ಬಲಕ್ಕೆ ಎಳೆಯುವುದಿಲ್ಲವೇ ಎಂದು ಒಂದು ದಿನ ಕೇಳಿದರಂತೆ. ಎಲ್ಫ್ರೀಡೆ ಆ ವಾರವೆಲ್ಲ ಬರೀ ಆಲೂಗಡ್ಡೆಯನ್ನೇ ಬೇಯಿಸಿ ಬಡಿಸಿದಳು.

ಆಮೇಲೆ ಸರ್ಕಾರ ಪ್ರವೇಶಿಸಿತು. ಊರ ಹೊರಗಿನ ತಿರುವಿನಲ್ಲಿ ಪೊಲೀಸಿನವರು ಕಾರು ನಿಲ್ಲಿಸಿ ಡಿಕ್ಕಿ ತೆಗೆಸಿದರು. ನಾನು ಪಕ್ಕದ ಸೀಟಿನಲ್ಲಿದ್ದೆ. ಕುರ್ಲೆಯವರು ಹೆದರಿ, ಇದು ನೇರ ರಸ್ತೆಯಲ್ಲಿ ಕಾರು ಅಲುಗಾಡದಿರಲಿ ಎಂದು ಇಟ್ಟದ್ದು ಎಂದು ನಿಜ ನುಡಿದರು. ಪೊಲೀಸಿನವರ ಮುಖ ಅರಳಿತು. ಹಾಗಿದ್ದರೆ ಇದು ವಾಹನದ ಭಾಗವಾಯಿತು. ವಾಹನಕ್ಕೆ ಏನು ಜೋಡಿಸಿದರೂ ತಪಾಸಣೆ ಮಾಡಿಸಿ ಕಾಗದಪತ್ರದಲ್ಲಿ ನಮೂದಿಸಬೇಕು. ಈ ಆಲೂಗಡ್ಡೆಗೆ ಅನುಮತಿ ಎಲ್ಲಿ ಎಂದು ಅವರು ಕೇಳಿದರು. ಕುರ್ಲೆಯವರು ತಕ್ಷಣ ಮಾತು ಬದಲಿಸಿ ಇದು ಮನೆಯ ಊಟಕ್ಕೆ ಎಂದರು. ಊಟಕ್ಕಾದರೆ ಅದು ಸಾಮಾನು, ಸಾಮಾನನ್ನು ಕಟ್ಟಿ ಭದ್ರಪಡಿಸಿಲ್ಲ ಎಂದರು ಪೊಲೀಸಿನವರು. ಮನೆಯಲ್ಲಿ ಎಷ್ಟು ಜನ ಎಂದೂ ಕೇಳಿದರು.

“ಇಬ್ಬರು,” ಎಂದರು ಕುರ್ಲೆಯವರು.

ಪೊಲೀಸಿನವರು ಮೂರು ಮೂಟೆಗಳನ್ನು ನೋಡಿದರು. ಆಮೇಲೆ ಕುರ್ಲೆಯವರ ಹೊಟ್ಟೆಯನ್ನು ನೋಡಿದರು. ಹೊಟ್ಟೆ ಸಾಕ್ಷಿ ಹೇಳಿತು. ಮೂಟೆಗಳನ್ನು ಪಟ್ಟಿಯಿಂದ ಬಿಗಿಯಬೇಕೆಂಬ ಎಚ್ಚರಿಕೆಯೊಂದಿಗೆ ನಮ್ಮನ್ನು ಬಿಟ್ಟರು. ಅಂದಿನಿಂದ ಕುರ್ಲೆಯವರು ಮೂಟೆಗಳಿಗೆ ಕುದುರೆಗೆ ಕಟ್ಟುವಂಥ ಪಟ್ಟಿ ಬಿಗಿದು, ಡಿಕ್ಕಿಯನ್ನು ತೆಗೆಯುವುದನ್ನೇ ಬಿಟ್ಟರು.

ಇಷ್ಟರವರೆಗೆ ನಷ್ಟವಾದದ್ದು ಬರೀ ನಾಲಿಗೆಯ ರುಚಿ. ನಿಜವಾದ ಗಂಡಾಂತರ ಬಂದದ್ದು ಎಲ್ಫ್ರೀಡೆಯ ದೊಡ್ಡಮ್ಮ ವಾಲ್ಬುರ್ಗ ಅವರ ಬಾಯಿಂದ.

ಈ ಮುದುಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆಕೆ ಪಕ್ಕದ ಹಳ್ಳಿಯಲ್ಲಿ ಕಾಲುಚೀಲದ ಅಂಗಡಿ ಇಟ್ಟುಕೊಂಡು ಬಾಳಿದವರು. ಮದುವೆಯಾಗಿರಲಿಲ್ಲ, ಯಾರಿಗೂ ಹೆದರಿಯೂ ಇರಲಿಲ್ಲ. ಎಲ್ಫ್ರೀಡೆ ಸ್ಮಶಾನದ ಗುಮಾಸ್ತನನ್ನು ಮದುವೆಯಾಗುತ್ತೇನೆ ಎಂದಾಗ ಮನೆಮಂದಿಯೆಲ್ಲ ಮೂಗು ಮುರಿದಿದ್ದರು. ಮದುವೆಯ ಊಟದಲ್ಲಿ ಮದುಮಗನ ಪಕ್ಕದ ಕುರ್ಚಿಗೆ ಯಾರೂ ಬರದಿದ್ದಾಗ, ವಾಲ್ಬುರ್ಗ ದೊಡ್ಡಮ್ಮ ತಮ್ಮ ತಟ್ಟೆ ಎತ್ತಿಕೊಂಡು ಬಂದು ಅಲ್ಲಿ ಕೂತರಂತೆ. ಆ ಕುಟುಂಬದಲ್ಲಿ ಕುರ್ಲೆಯವರನ್ನು ಮನುಷ್ಯನೆಂದು ಕಂಡವರು ಆಕೆಯೊಬ್ಬರೇ. ಕುರ್ಲೆಯವರಿಗೂ ಆಕೆಯೆಂದರೆ ಪ್ರಾಣ.

ಈಸ್ಟರ್ ಕಾಫಿಗೆ ಎಲ್ಲರೂ ಸೇರಿದ್ದರು. ಜೂನ್‌ನಲ್ಲಿ ದೊಡ್ಡಮ್ಮನಿಗೆ ಎಂಬತ್ತನಾಲ್ಕು ತುಂಬುತ್ತದೆ, ಉಡುಗೊರೆಯಾಗಿ ಏನು ಬೇಕು ಎಂದು ಹೆಲ್ಮರ್ ಕೇಳಿದ. ಹೊಸ ಕಂಬಳಿಯೋ ರೇಡಿಯೋವೋ ಎಂದು ಅವನೇ ಸೂಚಿಸಿದ. ದೊಡ್ಡಮ್ಮ ಕೇಕಿನ ತುಂಡು ನುಂಗುವವರೆಗೂ ಅವನನ್ನು ಕಾಯಿಸಿದರು.

“ನಂಗೆ ಒಂದ್ಸಲ ಇನ್ನೂರರಲ್ಲಿ ಹೋಗಬೇಕು ಕಣಪ್ಪ,” ಎಂದರು. “ಇಡೀ ಜನ್ಮ ಹೆದ್ದಾರಿ ಪಕ್ಕದಲ್ಲೇ ಕಳೆದೆ. ಎಲ್ಲರೂ ಸುಂಯ್ ಅಂತ ಹೋಗೋರು, ನಾನು ಕಿಟಕೀಲಿ ನೋಡೋಳು.”

ಅದಕ್ಕೇನಂತೆ, ತನ್ನ ಕಾರಿದೆಯಲ್ಲ ಎಂದು ಹೆಲ್ಮರ್ ಎದೆ ಉಬ್ಬಿಸಿದ.

“ನಿನ್ನ ಜೊತೆ ಯಾರು ಬರ್ತಾರೆ,” ಎಂದರು ದೊಡ್ಡಮ್ಮ. “ನೀನು ಹೋಗೋದು ನೋಡಿದ್ರೆ ಹಂದಿ ಅಟ್ಟಿಸಿಕೊಂಡು ಬಂದ ಹಾಗಿರುತ್ತೆ. ಗೋಟ್ಲೀಬ್ ಜೊತೆ ಹೋಗ್ತೀನಿ. ಅವನದ್ದು ಅಲುಗಾಡಲ್ವಂತೆ.”

ಎಲ್ಲರೂ ಕುರ್ಲೆಯವರ ಕಡೆ ತಿರುಗಿದರು. ಅವರು ಕಾಫಿಗೆ ಸಕ್ಕರೆ ಹಾಕುತ್ತಿದ್ದವರು ಹಾಕುತ್ತಲೇ ಇದ್ದರು.

ಆ ವಾರ ಮೆಟ್ಟಿಲು ಒರೆಸುವ ಪಾಳಿ ಅವರದ್ದು. ನಾನು ಇಳಿದು ಬರುವಾಗ ಅವರು ಒರೆಸಿದ್ದ ಮೆಟ್ಟಿಲನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನ್ನನ್ನು ಕಂಡು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಎಲ್ಲ ಹೇಳಿದರು. ನೂರಹತ್ತರ ವಾಲಾಟ, ಸುಳ್ಳು, ಮೂಟೆ, ಒಂದೂ ಬಿಡಲಿಲ್ಲ. ಕಣ್ಣಲ್ಲಿ ನೀರಿತ್ತು. ಕಾರು ಉರುಳಿ ಸತ್ತರೆ ಸಾಲು, ಜಾಗ ಎಲ್ಲ ತಮಗೆ ಗೊತ್ತಿರುವುದೇ, ಅದಕ್ಕಲ್ಲ ಹೆದರಿಕೆ ಎಂದರು. ನಿಜ ಹೇಳಿದರೆ ದೊಡ್ಡಮ್ಮ ತಮ್ಮನ್ನು ಹೇಗೆ ನೋಡುತ್ತಾರೋ ಎಂಬುದೇ ಹೆದರಿಕೆ.

“ಹೋಗಿ ಹೇಳಿಬಿಡಿ ಕುರ್ಲೆಯವರೇ,” ಎಂದೆ ನಾನು. “ಬೈತಾರೆ, ಆಮೇಲೆ ಕಾಫಿ ಕೊಡ್ತಾರೆ.”

ಅವರು ಹೋದರು. ಸಂಜೆ ಹಿಂತಿರುಗಿದಾಗ ಮುಖ ಇನ್ನೂ ಇಳಿದಿತ್ತು. ದೊಡ್ಡಮ್ಮ ಆಗಲೇ ಪ್ರಯಾಣಕ್ಕೆಂದು ಒಂದು ಹಸಿರು ರುಮಾಲು ಕೊಂಡಿದ್ದರಂತೆ. ಕನ್ನಡಿಯ ಮುಂದೆ ಅದನ್ನು ಗಲ್ಲದಡಿ ಕಟ್ಟಿ ತೋರಿಸಿ, ಗಾಳಿಗೆ ಹಾರಿಹೋಗುವುದಿಲ್ಲ ತಾನೆ ಎಂದು ಕೇಳಿದರಂತೆ. ಹಾರುವುದಿಲ್ಲ ಎಂದು ಹೇಳಿ ಇವರು ಎದ್ದು ಬಂದಿದ್ದರು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ಗುರುವಾರದ ಮೇಜು ಈ ಯಾತ್ರೆಯನ್ನು ಕೈಗೆತ್ತಿಕೊಂಡಿತು. ಭಾನುವಾರ ಬೆಳಿಗ್ಗೆಯೇ ಹೋಗಬೇಕು, ಅಂದು ಲಾರಿಗಳಿಗೆ ಹೆದ್ದಾರಿ ನಿಷಿದ್ಧ. ಹವೆ ಒಣಗಿರಬೇಕು. ಸಾಕ್ಷಿಯೊಬ್ಬ ಹಿಂದಿನ ಸೀಟಿನಲ್ಲಿ ಕೂತು ವೇಗ ತೋರಿಸುವ ಮುಳ್ಳನ್ನು ನೋಡಬೇಕು ಎಂದು ಹೆಲ್ಮರ್ ಪಟ್ಟು ಹಿಡಿದ. ಹಿಂದೆ ಭಾರ ಜಾಸ್ತಿಯಾದರೆ ಮೂತಿ ಇನ್ನಷ್ಟು ಏಳುತ್ತದೆ, ಆದ್ದರಿಂದ ಮೇಜಿನಲ್ಲಿ ಅತ್ಯಂತ ಹಗುರ ಯಾರೋ ಅವರೇ ಹೋಗಲಿ ಎಂದು ತ್ಸೈಸರ್ ತೀರ್ಮಾನಿಸಿದರು. ಎಲ್ಲರೂ ನನ್ನನ್ನು ನೋಡಿದರು. ನನ್ನ ಜೀವದ ಬೆಲೆಯನ್ನು ತೂಕದ ಮೇಲೆ ಕಟ್ಟಿದ್ದು ಅದೇ ಮೊದಲು.

ಹುಟ್ಟುಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನದ ಮೇಲೆ ಎಲ್ಫ್ರೀಡೆ ನಮ್ಮ ಬಾಗಿಲು ತಟ್ಟಿದಳು. ಭಾನುವಾರದ ಔತಣಕ್ಕೆ ನೆಂಟರು ಅಂದುಕೊಂಡದ್ದಕ್ಕಿಂತ ಜಾಸ್ತಿಯಾಗಿದ್ದರು, ಸಲಾಡಿಗೆ ಆಲೂಗಡ್ಡೆ ಸಾಲದು. ಶನಿವಾರ ಮಧ್ಯಾಹ್ನ ನಮ್ಮೂರಿನಲ್ಲಿ ಅಂಗಡಿಗಳು ಮುಚ್ಚಿದರೆ ಸೋಮವಾರದವರೆಗೆ ಒಂದು ಈರುಳ್ಳಿಯೂ ಹುಟ್ಟುವುದಿಲ್ಲ. ಗಂಡ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದರು. ನಾನೂ ಆಕೆಯೂ ಸೇರಿ ಪಟ್ಟಿ ಬಿಚ್ಚಿ ಮೂರೂ ಮೂಟೆಗಳನ್ನು ಅಡಿಗೆಮನೆಗೆ ಹೊತ್ತೆವು. ಅರ್ಧ ಮೊಳಕೆ ಬಂದಿದ್ದವು, ಆರಿಸಿದ ಮೇಲೆ ಸಲಾಡಿಗೆ ಸರಿಹೋಯಿತು. ಗಂಡನಿಗೆ ತಾನೇ ಹೇಳುತ್ತೇನೆ ಎಂದಳು. ಹೇಳಬೇಕೆಂದೂ ಇದ್ದಳು. ಆದರೆ ಮೊಣಕೈವರೆಗೆ ಸಾಸಿವೆ, ವಿನಿಗರ್ ಮೆತ್ತಿಕೊಂಡ ಹೆಂಗಸಿಗೆ ಕಾರಿನ ಮೂತಿ ನೆನಪಿರುವುದಿಲ್ಲ.

ಭಾನುವಾರ ಬೆಳಿಗ್ಗೆ ನನ್ನನ್ನು ಮಡಿಸಿ ಹಿಂದಿನ ಸೀಟಿಗೆ ತುರುಕಲಾಯಿತು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ದೊಡ್ಡಮ್ಮ ಹಸಿರು ರುಮಾಲು ಕಟ್ಟಿಕೊಂಡು, ಮಡಿಲಲ್ಲಿ ತಿಂಡಿಯ ಬುಟ್ಟಿ ಇಟ್ಟುಕೊಂಡು ಮುಂದೆ ಕೂತರು. ಕುರ್ಲೆಯವರು ಹೊರಡುವ ಮುಂಚೆ ಕಾರಿನ ಮೂತಿಯನ್ನು ಪ್ರೀತಿಯಿಂದ ತಟ್ಟಿ, ಒಳಗೆ ಬಂದು ನನ್ನ ಕಡೆ ತಿರುಗಿದರು.

“ಇವತ್ತು ಅದೇ ನಮ್ಮನ್ನ ಕಾಪಾಡಬೇಕು,” ಎಂದು ಪಿಸುಗುಟ್ಟಿದರು.

ಎಲ್ಫ್ರೀಡೆ ಮರೆತಿದ್ದಾಳೆಂದು ಆಗ ನನಗೆ ಹೊಳೆಯಿತು. ಇವರಿಗೆ ಹೇಳಿಲ್ಲ. ಈಗ ಹೇಳಿದರೆ ಈ ಮನುಷ್ಯ ಸ್ಟೀರಿಂಗಿನ ಮೇಲೇ ಮೂರ್ಛೆ ಹೋಗುತ್ತಾರೆ. ಹೇಳದಿದ್ದರೆ ಮೂವರೂ ಅವರದೇ ಕಚೇರಿಗೆ ಅರ್ಜಿ ಹಾಕಬೇಕಾಗುತ್ತದೆ. ನಾನು ಯೋಚಿಸುತ್ತಿರುವಾಗಲೇ ಕಾರು ಬೋಡನ್ ಸರೋವರದ ಕಡೆಯ ಹೆದ್ದಾರಿಗೆ ಏರಿತ್ತು. ಬಿಳಿ ಫಲಕದ ಮೇಲೆ ಓರೆ ಗೆರೆಗಳು ಕಾಣಿಸಿದವು. ಇಲ್ಲಿಂದ ಮುಂದೆ ವೇಗಕ್ಕೆ ಮಿತಿಯಿಲ್ಲ ಎಂದು ಸರ್ಕಾರವೇ ಕೈ ತೊಳೆದುಕೊಳ್ಳುವ ಜಾಗ ಅದು. ರಸ್ತೆ ಹಿಡಿದೆಳೆದ ದಾರದಂತೆ ನೇರವಾಗಿತ್ತು.

ನೂರು. ನೂರೈದು. ಕುರ್ಲೆಯವರು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಹಿಂಡುತ್ತಿದ್ದರು, ಬೆರಳ ಗಿಣ್ಣು ಬಿಳಿಚಿಕೊಂಡಿದ್ದವು. ನೂರಹತ್ತಕ್ಕೆ ವಾಲಾಟ ಶುರುವಾಯಿತು. ಕಾರು ಎಡಕ್ಕೆ ಹೋದರೆ ಅವರು ಬಲಕ್ಕೆ ಎಳೆಯುವರು, ಬಲಕ್ಕೆ ಬಂದರೆ ಎಡಕ್ಕೆ. ನಾನು ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದೆ.

ಆಗ ದೊಡ್ಡಮ್ಮ ಬುಟ್ಟಿ ತೆಗೆದು ಬೆಣ್ಣೆ ಸವರಿದ ಒಂದು ಬ್ರೆಟ್ಸೆಲ್ ರೊಟ್ಟಿ ಎತ್ತಿ ಕುರ್ಲೆಯವರ ಮೂಗಿನ ಕೆಳಗೆ ಹಿಡಿದರು.

“ತಗೋ ಗೋಟ್ಲೀಬ್. ಬೆಳಗಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗುತ್ತೆ.”

ಆಮೇಲೆ ತಿನ್ನುತ್ತೇನೆ ಎಂದರು ಕುರ್ಲೆಯವರು. ದೊಡ್ಡಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ಆಕೆ ಕೊಟ್ಟ ತಿಂಡಿಯನ್ನು ಬೇಡವೆಂದು ಹೇಳಿ ಬದುಕಿ ಉಳಿದವರು ಆ ಕುಟುಂಬದಲ್ಲಿಲ್ಲ. ಕುರ್ಲೆಯವರು ಒಂದು ಕೈ ಬಿಟ್ಟು ಬ್ರೆಟ್ಸೆಲ್ ಹಿಡಿದು ಕಚ್ಚಿದರು. ಬೆಣ್ಣೆ ಧಾರಾಳವಾಗಿತ್ತು. ಬೆರಳಿಗೆಲ್ಲ ಮೆತ್ತಿಕೊಂಡಿತು. ಕೈ ಬದಲಿಸಿದರು, ಇನ್ನೊಂದಕ್ಕೂ ಮೆತ್ತಿತು. ಈಗ ಹಿಂಡೋಣವೆಂದರೆ ಸ್ಟೀರಿಂಗು ಕೈಗೆ ಸಿಗದೆ ಜಾರುತ್ತಿತ್ತು. ಎರಡು ಬೆರಳಿನಲ್ಲಿ ಅದನ್ನು ಸುಮ್ಮನೆ ಮುಟ್ಟಿಕೊಂಡು, ಬಾಯಿ ತುಂಬ ಅಗಿಯುತ್ತ ಕೂತುಬಿಟ್ಟರು.

ಕಾರು ವಾಲಾಡುವುದನ್ನು ನಿಲ್ಲಿಸಿತು.

ನಾನು ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಕಣ್ಣು ತೆರೆದೆ. ಇಷ್ಟು ದಿನ ಆ ಪಾಪದ ಕಾರು ನೆಟ್ಟಗೆ ಹೋಗಲು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತಿತ್ತು, ಹೋಗಗೊಡದವರು ಕುರ್ಲೆಯವರು. ಒಂದು ಎಳೆತ ಆ ಕಡೆ, ಅದನ್ನು ಸರಿಪಡಿಸಲು ಇನ್ನೊಂದು ಈ ಕಡೆ. ಅದನ್ನು ಅದರ ಪಾಡಿಗೆ ಬಿಟ್ಟ ಮೇಲೆ ಹೊಟ್ಟೆ ತುಂಬಿದ ಕುದುರೆಯಂತೆ ಸುಮ್ಮನೆ ಓಡಿತು. ನೂರ ಮೂವತ್ತು, ನೂರ ಅರವತ್ತು. ಮೂತಿ ತುಸು ಹಗುರಾಯಿತೋ ಏನೋ, ತ್ಸೈಸರ್ ಇದ್ದಿದ್ದರೆ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಎಂಜಿನ್ನಿನ ಒಂದೇ ಸಮನಾದ ಗುಂಯ್‌ಗುಟ್ಟುವಿಕೆ ಮಾತ್ರ. ಕೊನೆಯ ತುಂಡು ನುಂಗಿ ಕುರ್ಲೆಯವರು ಮುಳ್ಳನ್ನು ನೋಡಿದಾಗ ಅದು ಇನ್ನೂರರ ಮೇಲೆ ನಿಂತಿತ್ತು.

“ದೊಡ್ಡಮ್ಮ,” ಎಂದರು ಅವರು. “ನೋಡಿ ದೊಡ್ಡಮ್ಮ, ಇನ್ನೂರು.”

ಉತ್ತರವಾಗಿ ಬಂದದ್ದು ಗೊರಕೆ. ಹಸಿರು ರುಮಾಲಿನ ತಲೆ ಕಿಟಕಿಗೆ ಒರಗಿತ್ತು, ಕೈಗಳು ಬುಟ್ಟಿಯ ಮೇಲೆ ಜೋಡಿಕೊಂಡಿದ್ದವು. ದೊಡ್ಡಮ್ಮ ಗಾಢ ನಿದ್ದೆಯಲ್ಲಿದ್ದರು.

ಮುಂದಿನ ವಿಶ್ರಾಂತಿ ತಾಣದಲ್ಲಿ ಕಾರು ನಿಂತಿತು. ಕುರ್ಲೆಯವರು ಇಳಿದು ಹುಡುಗನಂತೆ ಎರಡು ಸುತ್ತು ಓಡಾಡಿದರು. ಉಪಕಾರ ಸ್ಮರಣೆ ಇರಲೆಂದೋ ಏನೋ, ಹೋಗಿ ಡಿಕ್ಕಿ ತೆಗೆದರು. ಖಾಲಿ ಡಿಕ್ಕಿಯ ತಳದಲ್ಲಿ ಮೊಳಕೆಯೊಂದು ಬಿದ್ದಿತ್ತು. ನಾನು ಹಿಂದಿನ ಸೀಟಿನಿಂದ ಬಿಡಿಸಿಕೊಂಡು ಬಂದು ಸಲಾಡಿನ ವಿಷಯ ಹೇಳಿದೆ. ಅವರು ರಸ್ತೆಯ ಅಂಚುಗಲ್ಲಿನ ಮೇಲೆ ಕೂತು ತಮ್ಮ ಬೆಣ್ಣೆ ಮೆತ್ತಿದ ಕೈಗಳನ್ನು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ನಗತೊಡಗಿದರು. ಅಷ್ಟು ಮನಸಾರೆ ನಕ್ಕದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ, ನನಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

ಸದ್ದಿಗೆ ದೊಡ್ಡಮ್ಮನಿಗೆ ಎಚ್ಚರವಾಯಿತು. ಯಾಕೆ ನಿಂತಿದ್ದೀರಿ, ಇನ್ನೂ ಶುರುಮಾಡಿಲ್ಲವೇ ಎಂದು ಕೇಳಿದರು.

“ಆಯ್ತು ದೊಡ್ಡಮ್ಮ. ಇನ್ನೂರು ಮುಟ್ಟಿದ್ವಿ. ನೀವು ನಿದ್ದೆ ಮಾಡ್ತಿದ್ರಿ.”

“ಸುಮ್ನಿರೋ,” ಎಂದರು ದೊಡ್ಡಮ್ಮ. “ಇನ್ನೂರರಲ್ಲಿ ಯಾರಿಗಾದ್ರೂ ನಿದ್ದೆ ಬರುತ್ತಾ? ನೀನು ಎಂಬತ್ತರಲ್ಲಿ ಬಂದಿದೀಯ. ನಾನು ಮುದುಕಿ ಅಂತ ಹೆದರಿದೀಯ.”

ತಿಂಗಳುಗಟ್ಟಲೆ ಸುಳ್ಳು ಹೇಳಿದಾಗ ಇಡೀ ಊರು ನಂಬಿತ್ತು. ಮೊದಲ ಸಲ ನಿಜ ಹೇಳಿದಾಗ ಒಂದು ನರಪಿಳ್ಳೆಯೂ ನಂಬಲಿಲ್ಲ. ಕುರ್ಲೆಯವರು ವಾದ ಮಾಡಲಿಲ್ಲ. ಬುಟ್ಟಿಯಿಂದ ತಾವೇ ಒಂದು ಬ್ರೆಟ್ಸೆಲ್ ಕೇಳಿ ತೆಗೆದುಕೊಂಡು, ಡಿಕ್ಕಿ ಮುಚ್ಚಿ, ಮುಂದಿನ ತಿರುವಿನಲ್ಲಿ ಕಾರನ್ನು ಊರ ಕಡೆಗೆ ತಿರುಗಿಸಿದರು. ಮೂತಿಯಲ್ಲಿ ಏನೂ ಇಲ್ಲವೆಂದು ಈಗ ಅವರಿಗೆ ಗೊತ್ತಿತ್ತು. ಆದರೂ ಸ್ಟೀರಿಂಗನ್ನು ಎರಡೇ ಬೆರಳಿನಲ್ಲಿ ಮುಟ್ಟಿಕೊಂಡಿದ್ದರು. ದೊಡ್ಡಮ್ಮ ಈ ಸಲ ಮುಳ್ಳಿನ ಮೇಲೆ ಕಣ್ಣು ನೆಟ್ಟು ನೇರವಾಗಿ ಕೂತರು. ನೂರ ನಲವತ್ತರವರೆಗೆ ತಡೆದರು. ನೂರೈವತ್ತಕ್ಕೆ ರೆಪ್ಪೆ ಜಾರಿತು. ಇನ್ನೂರಕ್ಕೆ ಗೊರಕೆ ಬಂತು. ಮತ್ತೆ ತಿರುಗಿಸಿದೆವು. ಮತ್ತೆ ಅದೇ ಆಯಿತು. ಪೆಟ್ರೋಲು ಮುಗಿಯುತ್ತ ಬಂದಾಗ, ನನ್ನ ಕಾಲುಗಳು ಇವೆಯೋ ಇಲ್ಲವೋ ತಿಳಿಯದಂತಾಗಿದ್ದಾಗ, ಔತಣಕ್ಕೆ ತಡವಾಗುತ್ತದೆಂದು ಮನೆಗೆ ಹೊರಟೆವು.

ತೋಟದಲ್ಲಿ ಉದ್ದನೆಯ ಮೇಜು ಹಾಕಿ ನೆಂಟರೆಲ್ಲ ಕಾಯುತ್ತಿದ್ದರು. ತ್ಸೈಸರ್ ಕೂಡ ಬಂದಿದ್ದರು. ನಮ್ಮನ್ನು ನೋಡುವ ಮುಂಚೆ ಅವರು ಬಗ್ಗಿ ಟೈರು ನೋಡಿದರು. ಹೆಲ್ಮರ್‌ಗೆ ತಡೆದುಕೊಳ್ಳಲಾಗಲಿಲ್ಲ. ದೊಡ್ಡಮ್ಮ ಕುರ್ಚಿಯಲ್ಲಿ ಕೂರುವ ಮುಂಚೆಯೇ ಇನ್ನೂರು ಹೇಗಿತ್ತು ಎಂದು ಕೇಳಿದ.

“ಇನ್ನೂರೂ ಇಲ್ಲ, ಮುನ್ನೂರೂ ಇಲ್ಲ,” ಎಂದರು ದೊಡ್ಡಮ್ಮ. “ಎಷ್ಟು ಹೊತ್ತು ಕಾದೆ. ಅವನು ಜೋರು ಮಾಡಲೇ ಇಲ್ಲ. ನಂಗೆ ನಿದ್ದೆ ಬಂತು.”

ಹೆಲ್ಮರ್ ಮೇಜು ಬಡಿದು ನಕ್ಕ. ನೆಂಟರೂ ನಕ್ಕರು. ನಾನು ಸಾಕ್ಷಿ ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ಕುರ್ಲೆಯವರು ನನ್ನ ಪಾದವನ್ನು ಮೆಲ್ಲಗೆ ಒತ್ತಿದರು. ತಿರುಗಿ ನೋಡಿದರೆ ಅವರ ಮುಖದಲ್ಲಿ ಒಂದಿಷ್ಟೂ ಕಹಿಯಿರಲಿಲ್ಲ. ಬೆಳಿಗ್ಗೆವರೆಗೂ ಊರಿನವರ ಯಾವ ಮೆಚ್ಚುಗೆಗಾಗಿ ಒದ್ದಾಡಿದ್ದರೋ ಅದು ಈಗ ಅವರಿಗೆ ಬೇಡವಾಗಿತ್ತು. ನಾನು ಬಾಯಿ ಮುಚ್ಚಿದೆ.

ನಗದಿದ್ದವರು ಒಬ್ಬರೇ, ತ್ಸೈಸರ್. ನಿದ್ದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಫೋರ್ಕು ಕೆಳಗಿಟ್ಟಿದ್ದರು. ನನ್ನ ಕಡೆ ಬಾಗಿ, ಆಕೆ ಮಲಗಿದ್ದಾಗ ಮುಳ್ಳು ಎಲ್ಲಿತ್ತು ಎಂದು ಮೆಲ್ಲನೆ ಕೇಳಿದರು. ನಾನು ತಟ್ಟೆಯ ಪಕ್ಕದಲ್ಲಿ ಎರಡು ಬೆರಳು ತೋರಿಸಿದೆ. ಅವರು ಆ ನಿದ್ದೆಯನ್ನೂ ಆ ಇನ್ನೂರನ್ನೂ ಮನಸ್ಸಿನಲ್ಲೇ ಕೂಡಿ ನೋಡಿ ಎದ್ದು ನಿಂತರು, ಕೋಟಿನ ಗುಂಡಿ ಹಾಕಿಕೊಂಡರು, ಮೇಜು ಸುತ್ತಿ ಬಂದು ಕುರ್ಲೆಯವರ ಲೋಟಕ್ಕೆ ತಮ್ಮ ಕೈಯಿಂದಲೇ ವೈನು ಸುರಿದರು. ಮೂವತ್ತು ವರ್ಷದ ತಪಾಸಣೆಯಲ್ಲಿ ಅವರು ಯಾವ ಕಾರಿಗೂ ಯಾವ ಮನುಷ್ಯನಿಗೂ ಅಂಥ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಉಳಿದವರಿಗೆ ಏನೊಂದೂ ಅರ್ಥವಾಗಲಿಲ್ಲ.

ಎಲ್ಫ್ರೀಡೆ ಸಲಾಡಿನ ದೊಡ್ಡ ಪಾತ್ರೆ ತಂದಿಟ್ಟಳು. ದೊಡ್ಡಮ್ಮ ಕುರ್ಲೆಯವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬೇಜಾರಾಗಿದೆ ಅಂದುಕೊಂಡರೋ ಏನೋ, ಅವರ ಕೈಮೇಲೆ ತಮ್ಮ ಕೈ ಇಟ್ಟರು.

“ಇರಲಿ ಬಿಡು ಗೋಟ್ಲೀಬ್,” ಎಂದರು. “ಮುಂದಿನ ವರ್ಷ ಮುಟ್ಟಿಸುವೆಯಂತೆ. ನಂಗೇನೂ ಅವಸರ ಇಲ್ಲ.”

“ಆಗಲಿ ದೊಡ್ಡಮ್ಮ,” ಎಂದು ಕುರ್ಲೆಯವರು ಅವರ ತಟ್ಟೆಗೆ ಸಲಾಡ್ ಬಡಿಸಿದರು.